ಎಟಿಎಸ್ ದಾಟುವ ಸಾಫ್ಟ್‌ವೇರ್ ರೆಸ್ಯೂಮ್: ತುಮಕೂರಿನಿಂದ ಅಪ್ಲೈ ಮಾಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

"ಅಪ್ಲೈ ಮಾಡಿ ಹತ್ತು ನಿಮಿಷ ಆಗಿಲ್ಲ, ರಿಜೆಕ್ಟ್ ಮೇಲ್ ಬಂತು. ಎಟಿಎಸ್‌ನಲ್ಲೇ ಹೋಯ್ತು ಅಣ್ಣ." ತುಮಕೂರಿನ ಎಂಜಿನಿಯರಿಂಗ್ ಹುಡುಗರ ಹತ್ತಿರ ಕೆಲಸದ ಮಾತು ತೆಗೆದರೆ ಸಾಕು, ಈ ದೂರು ಬಂದೇ ಬರುತ್ತದೆ. ಎಟಿಎಸ್ ಅಂದರೆ ಅಪ್ಲಿಕಂಟ್ ಟ್ರ್ಯಾಕಿಂಗ್ ಸಿಸ್ಟಮ್, ಬಂದ ಅರ್ಜಿಗಳನ್ನು ನೋಡಿಕೊಳ್ಳಲು ಕಂಪನಿಗಳು ಬಳಸುವ ಸಾಫ್ಟ್‌ವೇರ್. ಆಮೇಲೆ ಏನು ಮಾಡುತ್ತಾರೆ ಗೊತ್ತಲ್ವಾ? ಬಿ.ಎಚ್. ರಸ್ತೆಯ ಯಾವುದೋ ಡಿಟಿಪಿ ಅಂಗಡಿಗೆ ಹೋಗಿ ಫಾಂಟ್ ಬದಲಾಯಿಸುತ್ತಾರೆ, ಇಲ್ಲ ಕ್ಯಾನ್ವಾದಲ್ಲಿ ಬಣ್ಣಬಣ್ಣದ ಟೆಂಪ್ಲೇಟ್ ಹುಡುಕುತ್ತಾರೆ, ಅದೂ ಸಾಲದಿದ್ದರೆ ದುಡ್ಡು ಕೊಟ್ಟು 'ಎಟಿಎಸ್ ಸ್ಕೋರ್' ತೆಗೆಸುತ್ತಾರೆ.

ಹತ್ತು ನಿಮಿಷದಲ್ಲಿ ಬರುವ ರಿಜೆಕ್ಟ್‌ಗೆ ಹೆಚ್ಚಿನ ಸಲ ರೆಸ್ಯೂಮ್ ಕಾರಣವೇ ಅಲ್ಲ. ಫಾರ್ಮ್ ತುಂಬುವಾಗ ನೀವು ಒತ್ತಿದ ಯಾವುದೋ ಒಂದು ಉತ್ತರ ಕಾರಣ. ರೆಸ್ಯೂಮ್ ಕೆಟ್ಟಿದ್ದರೆ ಆಗುವ ತೊಂದರೆ ಬೇರೆಯದೇ: ರಿಜೆಕ್ಟ್ ಮೇಲೂ ಬರುವುದಿಲ್ಲ, ಯಾರ ಕಣ್ಣಿಗೂ ಬೀಳದೆ ಸುಮ್ನೆ ಅಲ್ಲೇ ಬಿದ್ದಿರುತ್ತದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಅದಕ್ಕೇ ಮೊದಲು ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ನೋಡೋಣ.

ಎಟಿಎಸ್ ಒಳಗೆ ನಡೆಯುವುದು ಏನು

ಕಂಪನಿಗೆ ಬಂದ ಅರ್ಜಿಗಳನ್ನೆಲ್ಲ ಒಂದು ಕಡೆ ಹಾಕಿ, ಯಾವುದು ಯಾವ ಹಂತದಲ್ಲಿದೆ ಅಂತ ನೋಡಿಕೊಳ್ಳುವ ಸಾಫ್ಟ್‌ವೇರ್ ಎಟಿಎಸ್. ವರ್ಕ್‌ಡೇ, ಗ್ರೀನ್‌ಹೌಸ್, ಲೀವರ್, ನಮ್ಮ ದೇಶದ್ದೇ ಆದ ಝೋಹೊ ರಿಕ್ರೂಟ್, ಹೀಗೆ ಹಲವು ಇವೆ. ಅಪ್ಲೈ ಬಟನ್ ಒತ್ತಿದ ಮೇಲೆ ಬ್ರೌಸರ್‌ನ ವಿಳಾಸದ ಜಾಗದಲ್ಲಿ ಈ ಹೆಸರುಗಳು ಕಾಣುವುದನ್ನು ನೀವೂ ಗಮನಿಸಿರಬಹುದು.

ಅದು ಮೊದಲು ನಿಮ್ಮ ಫೈಲ್‌ನಿಂದ ಅಕ್ಷರಗಳನ್ನು ಹೊರತೆಗೆದು ಹೆಸರು, ಫೋನ್, ಕಾಲೇಜು, ಕಂಪನಿ, ತಾರೀಕು, ಸ್ಕಿಲ್ ಅಂತ ಬೇರೆ ಬೇರೆ ಕಾಲಂಗಳಿಗೆ ಹಂಚುತ್ತದೆ. ಇದಕ್ಕೆ ಪಾರ್ಸಿಂಗ್ ಅಂತಾರೆ. ಜೊತೆಗೆ ಫಾರ್ಮ್‌ನಲ್ಲಿ ಕೇಳಿದ ಪ್ರಶ್ನೆಗಳ ಉತ್ತರ ನೋಡುತ್ತದೆ. ಕಂಪನಿಯವರು 'ಇದಕ್ಕೆ ಇಲ್ಲ ಅಂದರೆ ತೆಗೆದುಹಾಕು' ಅಂತ ಮೊದಲೇ ಹೇಳಿಟ್ಟಿದ್ದರೆ ಅಲ್ಲೇ ಕಥೆ ಮುಗಿಯಿತು. ತಾನಾಗಿಯೇ ರಿಜೆಕ್ಟ್ ಆಗುವುದು ಹೆಚ್ಚಾಗಿ ಇಲ್ಲೇ. ಉಳಿದವರ ಪಟ್ಟಿಯಲ್ಲಿ ರಿಕ್ರೂಟರ್, ಅಂದರೆ ಕಂಪನಿಗೆ ಜನರನ್ನು ಆರಿಸುವವರು, ಕೂತು ಹುಡುಕುತ್ತಾರೆ, ಫಿಲ್ಟರ್ ಹಾಕುತ್ತಾರೆ. ಕೆಲವು ಸಿಸ್ಟಮ್‌ಗಳು ಜಾಬ್ ವಿವರಣೆಗೆ ಯಾವ ರೆಸ್ಯೂಮ್ ಹತ್ತಿರ ಇದೆ ಅಂತ ತಾವೇ ಮೇಲೆ ಕೆಳಗೆ ಜೋಡಿಸಿಯೂ ಕೊಡುತ್ತವೆ.

"ನೂರಕ್ಕೆ 75 ರೆಸ್ಯೂಮ್‌ಗಳನ್ನು ಮನುಷ್ಯರು ನೋಡುವ ಮೊದಲೇ ಎಟಿಎಸ್ ಬಿಸಾಡುತ್ತದೆ" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದರ ಹಿಂದೆ ಗಟ್ಟಿಯಾದ ಅಧ್ಯಯನ ಯಾವುದೂ ಇಲ್ಲ. ಅದನ್ನು ಜಾಸ್ತಿ ಹೇಳುವವರು ರೆಸ್ಯೂಮ್ ಬರೆದುಕೊಡುವ ವ್ಯಾಪಾರದವರು, ಅಷ್ಟು ಗೊತ್ತಿದ್ದರೆ ಸಾಕು.

ಮೊದಲ ಹಂತ: ಫಾರ್ಮ್‌ನ ಪ್ರಶ್ನೆಗಳು

ರೆಸ್ಯೂಮ್ ಬಗ್ಗೆ ಓದಲು ಬಂದವರಿಗೆ ಫಾರ್ಮ್ ಕಥೆ ಹೇಳುತ್ತಿದ್ದಾನಲ್ಲ ಅನ್ನಿಸಬಹುದು. ಆದರೆ ಒಳ್ಳೆ ರೆಸ್ಯೂಮ್ ಇದ್ದವರೂ ಬೀಳುವ ಜಾಗ ಇದು.

ಫ್ರೆಶರ್‌ಗಳಿಗೆ ದೊಡ್ಡ ತಡೆ ಪರ್ಸೆಂಟೇಜ್. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ 60 ಇರಬೇಕು, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಬಾಕಿ ಇರಬಾರದು ಅಂತ ಕೇಳುವ ಕಂಪನಿಗಳು ಬಹಳ. ನಿಮ್ಮ ಕೈಯಲ್ಲಿರುವುದು ಸಿಜಿಪಿಎ (ಹತ್ತಕ್ಕೆ ಇಷ್ಟು ಅನ್ನುವ ಸರಾಸರಿ ಗ್ರೇಡ್), ಫಾರ್ಮ್ ಕೇಳುವುದು ಪರ್ಸೆಂಟ್. ಸುಮ್ನೆ ಹತ್ತರಿಂದ ಗುಣಿಸಿ ಹಾಕಬೇಡಿ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮ್‌ನವರಿಗೆ (ಆ ವರ್ಷದ ಪಠ್ಯಕ್ರಮದವರಿಗೆ) ಸಿಜಿಪಿಎಯಿಂದ 0.75 ಕಳೆದು ಆಮೇಲೆ ಹತ್ತರಿಂದ ಗುಣಿಸಬೇಕು. ಅಂದರೆ 6.75 ಇದ್ದರೆ ಸರಿಯಾಗಿ 60. 6.6 ಇದ್ದವರು 66 ಅಂತ ಹಾಕಿದರೆ ನಿಜವಾದ ಲೆಕ್ಕ 58.5, ಮುಂದೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ. ಬೇರೆ ಸ್ಕೀಮ್, ಸ್ವಾಯತ್ತ ಕಾಲೇಜು, ಡೀಮ್ಡ್ ವಿಶ್ವವಿದ್ಯಾಲಯದವರು ತಮ್ಮ ಗ್ರೇಡ್ ಕಾರ್ಡ್‌ನ ಹಿಂಭಾಗ ನೋಡಿಯೋ ಪರೀಕ್ಷಾ ವಿಭಾಗವನ್ನು ಕೇಳಿಯೋ ಅಲ್ಲಿನ ಸೂತ್ರವನ್ನೇ ಬಳಸಿ. ಫಾರ್ಮ್ ಸಿಜಿಪಿಎಯನ್ನೇ ತೆಗೆದುಕೊಳ್ಳುವುದಾದರೆ ಅದನ್ನೇ ಕೊಡಿ, ಯಾಕೆ ಸುಮ್ನೆ ತಲೆನೋವು.

ಪಿಯುಸಿ ಅನ್ನುವುದು ಹೊರ ರಾಜ್ಯದವರಿಗೆ ಅರ್ಥವಾಗುವುದಿಲ್ಲ. ಫಾರ್ಮ್‌ನಲ್ಲಿ 12ನೇ ತರಗತಿ ಅಥವಾ ಎಚ್‌ಎಸ್‌ಸಿ ಅಂತ ಇದ್ದರೆ ಅದು ನಿಮ್ಮ ದ್ವಿತೀಯ ಪಿಯುಸಿ. ರೆಸ್ಯೂಮ್‌ನಲ್ಲೂ '12ನೇ ತರಗತಿ, ಪಿಯುಸಿ' ಅಂತ ಎರಡನ್ನೂ ಬರೆಯಿರಿ. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರು ಡಿಪ್ಲೊಮಾ ಅಂತಲೇ ಹಾಕಿ. ಆ ಜಾಗ ಖಾಲಿ ಬಿಡಬೇಡಿ.

ಅನುಭವ ಇದ್ದವರಿಗೆ ತಡೆ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ದಿನಗಳು. ಸರ್ವಿಸ್ ಕಂಪನಿಗಳಲ್ಲಿ 90 ದಿನ ಮಾಮೂಲು. ನೀವು ಆಗಲೇ ರಾಜೀನಾಮೆ ಕೊಟ್ಟಿದ್ದರೆ ಪೂರ್ತಿ 90 ಹಾಕಬೇಡಿ, ಉಳಿದ ದಿನ ಹಾಕಿ, ರೆಸ್ಯೂಮ್‌ನ ಮೇಲ್ಭಾಗದಲ್ಲಿ ಕೊನೆಯ ಕೆಲಸದ ದಿನವನ್ನೂ ಬರೆಯಿರಿ. ಸಂಬಳದ ಜಾಗ ತುಂಬುವಾಗ ಲಕ್ಷದಲ್ಲಿ ಕೇಳಿದ್ದಾರೋ ರೂಪಾಯಿಯಲ್ಲೋ ನೋಡಿ. ರೂಪಾಯಿ ಕೇಳಿದ ಕಡೆ 4.5 ಅಂತ ಬಿದ್ದರೆ ಸಿಸ್ಟಮ್‌ಗೆ ಅದು ನಾಲ್ಕೂವರೆ ರೂಪಾಯಿ.

'ಬೆಂಗಳೂರಿಗೆ ಬಂದು ಇರಲು ಸಿದ್ಧವೇ' ಅನ್ನುವ ಪ್ರಶ್ನೆಗೆ, ದಿನಾ ರೈಲಿನಲ್ಲಿ ಓಡಾಡಿಕೊಂಡಿರೋಣ ಅಂದುಕೊಂಡು 'ಇಲ್ಲ' ಒತ್ತುವವರಿದ್ದಾರೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ಓಡಾಡುವವರು ಬೇಕಾದಷ್ಟು ಜನ ಇದ್ದಾರೆ, ನಿಜ. ಆದರೆ ಆ ಪ್ರಶ್ನೆಯ ಉದ್ದೇಶ ಹೆಚ್ಚಾಗಿ ಆಫೀಸಿಗೆ ಬರಲು ಆಗುತ್ತದಾ ಅಂತ ತಿಳಿಯುವುದು. ಆಗುತ್ತದೆ ಅಂದರೆ 'ಹೌದು' ಒತ್ತಿ.

ಎರಡನೇ ಹಂತ: ಫೈಲ್‌ನಿಂದ ಅಕ್ಷರ ಹೊರಬರುತ್ತದಾ?

ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದಿದ್ದೀರಾ? ಕನ್ನಡ ಇದ್ದ ಕಡೆ ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಒಂದು ಮಷೀನಿನಲ್ಲಿ ಕಣ್ಣಿಗೆ ಸರಿಯಾಗಿ ಕಂಡದ್ದು ಒಳಗೆ ಬೇರೆಯೇ ಆಗಿರುತ್ತದೆ. ರೆಸ್ಯೂಮ್ ಪಿಡಿಎಫ್‌ನಲ್ಲೂ ಹೀಗೇ ಆಗಬಹುದು. ನಿಮಗೆ ಕಾಣುವುದು ಅಕ್ಷರದ ಆಕಾರ. ಪಾರ್ಸರ್ ಓದುವುದು ಒಳಗಿನ ಪಠ್ಯ. ಎರಡೂ ಒಂದೇ ಅಂತ ನಂಬಿ ಕೂರುವ ಹಾಗಿಲ್ಲ.

ಪರೀಕ್ಷೆ ಸುಲಭ. ಪಿಡಿಎಫ್ ತೆರೆಯಿರಿ, ಕಂಟ್ರೋಲ್ ಎ, ಕಂಟ್ರೋಲ್ ಸಿ ಒತ್ತಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ಪಿಡಿಎಫ್‌ಟುಟೆಕ್ಸ್ಟ್ ಕಮಾಂಡ್ ಓಡಿಸಬಹುದು. ಈಗ ಬಂದ ಪಠ್ಯವನ್ನು ಮೇಲಿನಿಂದ ಕೆಳಗೆ ಓದಿ. ಹೆಸರು ಮೊದಲು ಬಂತಾ? ಒಂದು ಕಂಪನಿಯ ಹೆಸರು, ಹುದ್ದೆ, ತಾರೀಕು, ಅದರ ಕೆಳಗಿನ ಸಾಲುಗಳು ಒಟ್ಟಿಗೇ ಇವೆಯಾ? ಏನೂ ಪೇಸ್ಟ್ ಆಗಲಿಲ್ಲ ಅಂದರೆ ನಿಮ್ಮ ಪಿಡಿಎಫ್ ಬರೀ ಚಿತ್ರ. ಸ್ಕ್ಯಾನ್ ಮಾಡಿಸಿದ ರೆಸ್ಯೂಮ್ ಹಾಗೇ ಇರುತ್ತದೆ, ಕೆಲವು ಡಿಸೈನ್ ಟೂಲ್‌ಗಳಿಂದ ಬಂದದ್ದೂ ಹಾಗಿರಬಹುದು.

ಇಲ್ಲಿ ಕೈಕೊಡುವುದು ಮುಖ್ಯವಾಗಿ ಎರಡು ಕಾಲಂನ ಟೆಂಪ್ಲೇಟ್. ಎಡಕ್ಕೆ ಸ್ಕಿಲ್, ಬಲಕ್ಕೆ ಅನುಭವ, ನೋಡಲು ಚೆಂದ. ಪಾರ್ಸರ್ ಎಡದಿಂದ ಬಲಕ್ಕೆ ಅಡ್ಡಡ್ಡ ಓದಿದರೆ 'ಪೈಥಾನ್' ಅನ್ನುವ ಪದ ನಿಮ್ಮ ಕಂಪನಿ ಹೆಸರಿನ ಮಧ್ಯೆ ಹೋಗಿ ಕೂರುತ್ತದೆ. ಈಗಿನ ಪಾರ್ಸರ್‌ಗಳು ಎಷ್ಟೋ ಸುಧಾರಿಸಿವೆ, ಕೆಲವು ಎರಡು ಕಾಲಂ ಕೂಡ ಸರಿಯಾಗಿ ಓದುತ್ತವೆ. ಆದರೆ ನೀವು ಅಪ್ಲೈ ಮಾಡುವ ಕಂಪನಿಯಲ್ಲಿ ಯಾವುದಿದೆಯೋ ಯಾರಿಗೆ ಗೊತ್ತು? ಒಂದೇ ಕಾಲಂ ಇಡಿ.

ವರ್ಡ್‌ನಲ್ಲಿ ಮಾಡುವವರು ಫೋನ್ ನಂಬರ್, ಇಮೇಲನ್ನು ಹೆಡರ್ ಭಾಗದಲ್ಲಿ ಹಾಕಬೇಡಿ, ಕೆಲವು ಪಾರ್ಸರ್‌ಗಳು ಹೆಡರ್ ಫೂಟರ್ ಓದುವುದೇ ಇಲ್ಲ. ಟೇಬಲ್ ಬೇಡ, ಟೆಕ್ಸ್ಟ್ ಬಾಕ್ಸ್ ಬೇಡ. ಫೋನ್ ಮುಂದೆ ಪುಟ್ಟ ಫೋನ್ ಚಿತ್ರ, ಗಿಟ್‌ಹಬ್ ಮುಂದೆ ಬೆಕ್ಕಿನ ಚಿತ್ರ, ಇವೆಲ್ಲ ಪಠ್ಯವಾದಾಗ ಬರೀ ಚೌಕ ಡಬ್ಬಿಗಳಾಗುತ್ತವೆ. ಜಾವಾ ಐದಕ್ಕೆ ನಾಲ್ಕು ಚುಕ್ಕಿ, ಪೈಥಾನ್ ಐದಕ್ಕೆ ಮೂರು ಚುಕ್ಕಿ ಅಂತ ಹಾಕುವುದಂತೂ ಯಂತ್ರಕ್ಕೂ ಅರ್ಥವಾಗುವುದಿಲ್ಲ, ಮನುಷ್ಯರಿಗೂ ಇಲ್ಲ. ಐದಕ್ಕೆ ಐದು ಅಂದರೆ ಯಾರು, ಜಾವಾ ಕಂಡುಹಿಡಿದವರಾ?

ಲೇಟೆಕ್‌ನಲ್ಲಿ (ಕಮಾಂಡ್ ಬರೆದು ಪುಟ ಜೋಡಿಸುವ ಸಾಫ್ಟ್‌ವೇರ್) ಬರೆಯುವವರಿಗೆ ಒಂದು ಸಣ್ಣ ವಿಷಯ. ಎಫ್ ಮತ್ತು ಐ ಒಟ್ಟಿಗೆ ಬಂದಾಗ ಅದು ಎರಡನ್ನೂ ಸೇರಿಸಿ ಒಂದೇ ಅಚ್ಚು ಮಾಡುತ್ತದೆ. ನೋಡಲು ಸೊಗಸು, ಆದರೆ ಕಾಪಿ ಮಾಡಿದರೆ 'ಸರ್ಟಿಫಿಕೇಟ್' ಅನ್ನುವ ಇಂಗ್ಲಿಷ್ ಪದದಲ್ಲಿ ಆ ಎರಡು ಅಕ್ಷರವೇ ಮಾಯವಾಗಿರಬಹುದು. ಪಿಡಿಎಫ್‌ಲೇಟೆಕ್ ಬಳಸುತ್ತಿದ್ದರೆ ಗ್ಲಿಫ್‌ಟುಯೂನಿಕೋಡ್ ಫೈಲನ್ನು ಸೇರಿಸಿಕೊಂಡು ಪಿಡಿಎಫ್‌ಜೆನ್‌ಟುಯೂನಿಕೋಡ್ ಅನ್ನು 1 ಮಾಡಿ, ಹೆಚ್ಚಾಗಿ ಸರಿಹೋಗುತ್ತದೆ.

ವರ್ಡ್ ಫೈಲ್ ಕೊಡಬೇಕಾ, ಪಿಡಿಎಫ್ ಕೊಡಬೇಕಾ? ಕಂಪನಿ ಇಂಥದೇ ಬೇಕು ಅಂದರೆ ಅದು. ಏನೂ ಹೇಳದಿದ್ದರೆ, ಮೇಲಿನ ಪರೀಕ್ಷೆ ಪಾಸಾದ ಪಿಡಿಎಫ್.

ಮೂರನೇ ಹಂತ: ಹೆಸರು, ಊರು, ಕಾಲೇಜು

ಇದರ ಬಗ್ಗೆ ಅಮೆರಿಕದವರು ಬರೆದ ಸಲಹೆಗಳಲ್ಲಿ ಏನೂ ಸಿಗುವುದಿಲ್ಲ, ಯಾಕೆಂದರೆ ಅವರಿಗೆ ಇನಿಷಿಯಲ್ ಕಷ್ಟ ಇಲ್ಲ. ನಿಮ್ಮ ಹೆಸರು ನವೀನ್ ಟಿ. ಆರ್. ಅಂತಿಟ್ಟುಕೊಳ್ಳಿ. ಟಿ ಅಂದರೆ ತುರುವೇಕೆರೆ, ಆರ್ ಅಂದರೆ ಅಪ್ಪನ ಹೆಸರು. ಪಾರ್ಸರ್‌ಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಒಮ್ಮೆ 'ಆರ್' ಅನ್ನುವುದನ್ನೇ ಸರ್‌ನೇಮ್ ಮಾಡುತ್ತದೆ, ಒಮ್ಮೆ ಎರಡನ್ನೂ ಬಿಟ್ಟುಬಿಡುತ್ತದೆ. ಪಾರ್ಸ್ ಆದ ಮೇಲೆ ಫಾರ್ಮ್ ತಾನೇ ತುಂಬಿಕೊಳ್ಳುತ್ತದಲ್ಲ, ಆಗ ಹೆಸರಿನ ಎರಡೂ ಜಾಗ ನೋಡಿ ಕೈಯಿಂದ ಸರಿಮಾಡಿ. ಸರ್‌ನೇಮ್ ಜಾಗದಲ್ಲಿ ಚುಕ್ಕಿ ಇಡುವ ಬದಲು ಪಾನ್ ಕಾರ್ಡ್‌ನಲ್ಲಿ ಏನಿದೆಯೋ ಅದನ್ನೇ ಹಾಕಿ. ಮಾರ್ಕ್ಸ್ ಕಾರ್ಡ್, ಆಧಾರ್, ಪಾನ್ ಮೂರರಲ್ಲಿ ಮೂರು ಥರ ಇದ್ದರೆ ಈಗಲೇ ಸರಿಮಾಡಿಸಿಕೊಳ್ಳುವುದು ಒಳ್ಳೆಯದು. ಆಫರ್ ಬಂದ ಮೇಲೆ ಅದಕ್ಕಾಗಿ ಓಡಾಡುವುದು ಹಿಂಸೆ.

ಊರಿನ ಹೆಸರಿಗೂ ಎರಡು ಇಂಗ್ಲಿಷ್ ಕಾಗುಣಿತ ಇದೆ. ಸರ್ಕಾರ 2014ರ ನವೆಂಬರ್ 1ರಿಂದ ತುಮಕೂರು, ಬೆಂಗಳೂರು ಅಂತ ಕನ್ನಡದ ಉಚ್ಚಾರಣೆಯಂತೆ ಬರೆಯಲು ಶುರುಮಾಡಿತು, ಆದರೆ ಸಾಫ್ಟ್‌ವೇರ್‌ಗಳ ಪಟ್ಟಿಗಳಲ್ಲಿ ಹಳೆಯ ತುಮ್ಕೂರ್, ಬ್ಯಾಂಗಲೋರ್ ಇನ್ನೂ ಉಳಿದಿವೆ. ಪಟ್ಟಿಯಿಂದ ಆರಿಸುವಾಗ ಅಲ್ಲಿ ಏನಿದೆಯೋ ಅದನ್ನು ಆರಿಸಿ. ರೆಸ್ಯೂಮ್‌ನಲ್ಲಿ 'ತುಮಕೂರು, ಕರ್ನಾಟಕ. ಬೆಂಗಳೂರಿನಲ್ಲಿ ಕೆಲಸಕ್ಕೆ ಸಿದ್ಧ' ಅಂತ ಒಂದೇ ಸಾಲು ಬರೆದರೆ ಸಾಕು. ರಿಕ್ರೂಟರ್ ಬೆಂಗಳೂರು ಅಂತ ಹುಡುಕಿದರೂ ಆ ಪದ ನಿಮ್ಮಲ್ಲಿ ಇರುತ್ತದೆ, ನೀವು ಸುಳ್ಳು ವಿಳಾಸ ಕೊಟ್ಟ ಹಾಗೂ ಆಗುವುದಿಲ್ಲ. ಮನೆ ನಂಬರ್, ಕ್ರಾಸ್, ಅಂಚೆ, ಹೋಬಳಿ, ತಾಲೂಕು ಯಾವುದೂ ಬೇಡ.

ಕಾಲೇಜಿನ ಹೆಸರನ್ನು ಪೂರ್ತಿ ಬರೆಯಿರಿ. ನಮಗೆಲ್ಲ ಎಸ್‌ಐಟಿ ಅಂದರೆ ಸಿದ್ಧಗಂಗಾ. ಪುಣೆಯ ರಿಕ್ರೂಟರ್‌ಗೆ ಅದು ಸಿಂಬಯೋಸಿಸ್ ಇರಬಹುದು. ಗುಬ್ಬಿಯ ಸಿಐಟಿಯವರದ್ದೂ ಇದೇ ಪಾಡು, ಕೊಯಮತ್ತೂರಿನಲ್ಲೂ ಒಂದು ಸಿಐಟಿ ಇದೆ. ಬ್ರಾಂಚ್ ಕೂಡ ಐಎಸ್‌ಇ ಅಂತ ಬಿಡದೆ ಇನ್‌ಫರ್ಮೇಶನ್ ಸೈನ್ಸ್ ಅಂಡ್ ಎಂಜಿನಿಯರಿಂಗ್ ಅಂತ ಬಿಡಿಸಿ ಬರೆಯಿರಿ.

ನಾಲ್ಕನೇ ಹಂತ: ತೆಗೆಯಬೇಕಾದದ್ದು

ಫೋಟೊ, ತಂದೆ ಹೆಸರು, ಹುಟ್ಟಿದ ದಿನಾಂಕ, ಮದುವೆ ಆಗಿದೆಯಾ ಇಲ್ಲವಾ, ಆಧಾರ್ ನಂಬರ್, 'ಈ ಮೇಲಿನ ವಿವರಗಳೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ' ಅನ್ನುವ ಡಿಕ್ಲರೇಶನ್, ಸಹಿ. ಇದೆಲ್ಲ ಬಯೋಡೇಟಾ ಕಾಲದ್ದು. ಡಿಟಿಪಿ ಅಂಗಡಿಯ ಫಾರ್ಮ್ಯಾಟ್‌ನಲ್ಲಿ ಈಗಲೂ ಉಳಿದುಕೊಂಡಿದೆ ಅಷ್ಟೇ. 'ಸವಾಲಿನ ಕೆಲಸದಲ್ಲಿ ನನ್ನ ಜ್ಞಾನ ಬಳಸಿ ಸಂಸ್ಥೆಯ ಜೊತೆ ಬೆಳೆಯಲು ಬಯಸುತ್ತೇನೆ' ಅನ್ನುವ ಆಬ್ಜೆಕ್ಟಿವ್ ಕೂಡ ತೆಗೆಯಿರಿ. ಕ್ರಿಕೆಟ್ ನೋಡುವುದು, ಹಾಡು ಕೇಳುವುದು ಹವ್ಯಾಸದ ಪಟ್ಟಿಯಿಂದ ಹೊರಕ್ಕೆ.

ಐದನೇ ಹಂತ: ಹೆಡಿಂಗ್, ತಾರೀಕು

ಪಾರ್ಸರ್‌ಗೆ ಗೊತ್ತಿರುವ ಹೆಡಿಂಗ್‌ಗಳನ್ನೇ ಬಳಸಿ: ಎಕ್ಸ್‌ಪೀರಿಯೆನ್ಸ್, ಎಜುಕೇಶನ್, ಸ್ಕಿಲ್ಸ್, ಪ್ರಾಜೆಕ್ಟ್ಸ್. 'ನನ್ನ ಪಯಣ', 'ನಾನು ಕಟ್ಟಿದ್ದು' ಅಂತೆಲ್ಲ ಸ್ಟೈಲ್ ಮಾಡಿದರೆ ಆ ಭಾಗ ಯಾವ ಕಾಲಂಗೂ ಸೇರದೆ ಹೋಗಬಹುದು. ತಾರೀಕು ಎಲ್ಲ ಕಡೆ ಒಂದೇ ಥರ ಇರಲಿ, ತಿಂಗಳು ಮತ್ತು ವರ್ಷ ಎರಡೂ ಇರಲಿ. ಬರೀ '2022–2023' ಅಂದರೆ ಅದು ಎರಡು ತಿಂಗಳೂ ಆಗಬಹುದು, ಎರಡು ವರ್ಷವೂ ಆಗಬಹುದು. ನಿಮ್ಮ ಅನುಭವದ ಲೆಕ್ಕ ಅಲ್ಲೇ ತಪ್ಪುತ್ತದೆ.

ಫ್ರೆಶರ್‌ಗೆ ಒಂದು ಪುಟ. ಅನುಭವ ಜಾಸ್ತಿ ಇದ್ದರೆ ಎರಡು. ಪುಟ ಜಾಸ್ತಿಯಾದರೆ ಯಂತ್ರಕ್ಕೆ ಬೇಜಾರಿಲ್ಲ, ಓದುವ ಮನುಷ್ಯರಿಗೆ ಇದೆ.

ಆರನೇ ಹಂತ: ಜಾಬ್ ವಿವರಣೆಯ (ಜೆಡಿ) ಪದಗಳು ನಿಮ್ಮಲ್ಲಿ ಇವೆಯಾ

ಯಾರ ಕಣ್ಣಿಗೂ ಬೀಳದೆ ಹೋಗುವುದಕ್ಕೆ ಮುಖ್ಯ ಕಾರಣ ಇದು. ರಿಕ್ರೂಟರ್ ಹುಡುಕುವುದು ಹೇಗೆ ಅಂದರೆ 'ಜಾವಾ' ಮತ್ತು 'ಸ್ಪ್ರಿಂಗ್ ಬೂಟ್' ಎರಡೂ ಇರಬೇಕು, ಜೊತೆಗೆ 'ಕಾಫ್ಕಾ' ಅಥವಾ 'ರ‍್ಯಾಬಿಟ್‌ಎಂಕ್ಯೂ' ಇರಬೇಕು, ಹೀಗೆ. ನಿಮಗೆ ಸ್ಪ್ರಿಂಗ್ ಬೂಟ್ ಚೆನ್ನಾಗಿ ಬರುತ್ತದೆ, ಆದರೆ ರೆಸ್ಯೂಮ್‌ನಲ್ಲಿ ಬರೀ 'ಜಾವಾ ಫ್ರೇಮ್‌ವರ್ಕ್‌ಗಳು' ಅಂತಿದ್ದರೆ ನೀವು ಆ ಹುಡುಕಾಟದಲ್ಲಿ ಇಲ್ಲ. ಯಾರೂ ನಿಮ್ಮನ್ನು ರಿಜೆಕ್ಟ್ ಮಾಡಲಿಲ್ಲ, ನೀವು ಸಿಗಲೇ ಇಲ್ಲ.

ಮಾಡುವ ವಿಧಾನ ಹೀಗೆ. ನಿಮಗೆ ಬೇಕಾದ ಥರದ ಕೆಲಸದ ನಾಲ್ಕೈದು ಜೆಡಿ ತೆಗೆದುಕೊಳ್ಳಿ. ಜೆಡಿ ಅಂದರೆ ಜಾಬ್ ಡಿಸ್ಕ್ರಿಪ್ಶನ್, ಗೊತ್ತಿರುತ್ತದೆ. ಅವುಗಳಲ್ಲಿ ಬಂದ ಭಾಷೆ, ಫ್ರೇಮ್‌ವರ್ಕ್, ಡೇಟಾಬೇಸ್, ಟೂಲ್‌ಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲದರಲ್ಲೂ ಮತ್ತೆ ಮತ್ತೆ ಬರುವುದು ಯಾವುದು ಅಂತ ಗುರುತು ಹಾಕಿ. ಅದರಲ್ಲಿ ನೀವು ನಿಜವಾಗಿ ಬಳಸಿದ್ದು ಯಾವುದು, ಕೇಳಿದರೆ ಹತ್ತು ನಿಮಿಷ ಮಾತಾಡಬಲ್ಲಿರಿ ಅನ್ನುವುದು ಯಾವುದು? ಅವು ರೆಸ್ಯೂಮ್‌ಗೆ ಬರಬೇಕು, ಜೆಡಿಯಲ್ಲಿ ಇರುವ ಕಾಗುಣಿತದಲ್ಲೇ ಬರಬೇಕು. ಮತ್ತೆ ಮತ್ತೆ ಬರುತ್ತಿರುವುದು ನಿಮಗೆ ಗೊತ್ತೇ ಇಲ್ಲ ಅಂದರೆ, ಮುಂದಿನ ತಿಂಗಳು ಏನು ಕಲಿಯಬೇಕು ಅಂತ ಉತ್ತರ ಸಿಕ್ಕಿತು.

ಚಿಕ್ಕದು ಮಾಡಿದ ರೂಪ, ಪೂರ್ತಿ ರೂಪ ಎರಡೂ ಒಮ್ಮೆ ಬರಲಿ. ಎಡಬ್ಲ್ಯೂಎಸ್ ಇದ್ದ ಕಡೆ ಅಮೆಜಾನ್ ವೆಬ್ ಸರ್ವಿಸಸ್ ಕೂಡ. ಬರೀ ಕೆ8ಎಸ್ ಅಂತ ಬಿಡಬೇಡಿ, ಕುಬರ್ನೆಟಿಸ್ ಅಂತ ಬರೆಯಿರಿ. ಬರೀ ಜೆಎಸ್ ಬೇಡ, ಜಾವಾಸ್ಕ್ರಿಪ್ಟ್. ರಿಯಾಕ್ಟ್ ಅನ್ನು ಕೆಲವರು ರಿಯಾಕ್ಟ್‌ಜೆಎಸ್ ಅಂತ ಹುಡುಕುತ್ತಾರೆ, ಸ್ಕಿಲ್ ಪಟ್ಟಿಯಲ್ಲಿ ಒಂದು, ಪ್ರಾಜೆಕ್ಟ್ ಸಾಲಿನಲ್ಲಿ ಇನ್ನೊಂದು ರೂಪ ಹಾಕಿದರೆ ಎರಡೂ ಕೆಲಸ ಆಯಿತು.

ಪದಗಳು ಸ್ಕಿಲ್ ಪಟ್ಟಿಯಲ್ಲಿ ಮಾತ್ರ ಇದ್ದರೆ ಸಾಲದು. ಕೆಲವು ಪಾರ್ಸರ್‌ಗಳು ಒಂದು ಸ್ಕಿಲ್ ಯಾವ ಕೆಲಸದ ಕೆಳಗೆ ಬಂದಿದೆ, ಆ ಕೆಲಸ ಎಷ್ಟು ತಿಂಗಳು ನಡೆಯಿತು ಅಂತ ನೋಡಿ ಆ ಸ್ಕಿಲ್‌ನ ಅನುಭವವನ್ನು ಲೆಕ್ಕ ಹಾಕುತ್ತವೆ. ಮೂರು ವರ್ಷ ಡಾಕರ್ ಬಳಸಿದ್ದರೂ ಅದು ಅನುಭವದ ಸಾಲುಗಳಲ್ಲಿ ಎಲ್ಲೂ ಇಲ್ಲದಿದ್ದರೆ ಆ ಮೂರು ವರ್ಷ ಲೆಕ್ಕಕ್ಕೆ ಸಿಗದೆ ಹೋಗಬಹುದು. ಮನುಷ್ಯರೂ ಹಾಗೇ ನೋಡುತ್ತಾರೆ: ಪಟ್ಟಿಯಲ್ಲಿ ಇದೆ, ಎಲ್ಲಿ ಬಳಸಿದ್ದೀಯಪ್ಪ?

ಇನ್ನು ಜೆಡಿಯನ್ನೇ ಪೂರ್ತಿ ಕಾಪಿ ಮಾಡಿ ಬಿಳಿ ಅಕ್ಷರದಲ್ಲಿ ಪುಟದ ಕೊನೆಗೆ ಅಂಟಿಸುವ ಉಪಾಯ. ದಯವಿಟ್ಟು ಬೇಡ. ಪಠ್ಯವಾಗಿ ತೆಗೆದಾಗ ಬಣ್ಣ ಇರುವುದಿಲ್ಲ, ರಿಕ್ರೂಟರ್ ಪರದೆ ಮೇಲೆ ಅದೆಲ್ಲ ಕಪ್ಪಾಗಿಯೇ ಕಾಣುತ್ತದೆ.

ಏಳನೇ ಹಂತ: ಸಾಲು ಬರೆಯುವುದು

ಈಗ ನಿಜವಾದ ಕೆಲಸ ಶುರು. ಹುಡುಕಾಟದಲ್ಲಿ ಸಿಕ್ಕ ಮೇಲೆ ಓದುವುದು ಮನುಷ್ಯರೇ, ಅವರು ನಿಲ್ಲುವುದು ಈ ಸಾಲುಗಳ ಮೇಲೆ. ರೆಸ್ಯೂಮ್ ಇಂಗ್ಲಿಷ್‌ನಲ್ಲಿ ಇರುತ್ತದೆ, ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ, ಭಾವ ಹಿಡಿದುಕೊಳ್ಳಿ.

ಒಂದು ಉದಾಹರಣೆ ಕಟ್ಟೋಣ. ಫೈನಲ್ ಇಯರ್ ಪ್ರಾಜೆಕ್ಟ್. ತಿಪಟೂರು ಎಪಿಎಂಸಿಯ ಕೊಬ್ಬರಿ ದರವನ್ನು ರೈತರ ಮೊಬೈಲ್‌ಗೆ ಕಳಿಸುವುದು. ದರಗಳು ರಾಜ್ಯದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ನಾಲ್ಕು ಜನರ ತಂಡ. ಹೆಚ್ಚಿನವರು ಬರೆಯುವುದು ಹೀಗೆ: 'ರೈತರಿಗೆ ಉಪಯುಕ್ತವಾದ ಮಾರುಕಟ್ಟೆ ದರ ವ್ಯವಸ್ಥೆ. ಪೈಥಾನ್ ಬಳಸಲಾಗಿದೆ.' ಇದರಲ್ಲಿ ಯಾರು ಏನು ಮಾಡಿದರು ಅನ್ನುವುದೇ ಇಲ್ಲ. 'ಬಳಸಲಾಗಿದೆ' ಅಂದರೆ ಯಾರು ಬಳಸಿದ್ದು? ಪಕ್ಕದಲ್ಲಿ ಕೂತವನಾ?

ಸ್ವಲ್ಪ ತಿದ್ದಿದರೆ: 'ಪೈಥಾನ್ ಮತ್ತು ಫ್ಲಾಸ್ಕ್ ಬಳಸಿ ದರಗಳನ್ನು ಪ್ರತಿದಿನ ತಾನಾಗಿಯೇ ತರುವ ಸರ್ವಿಸ್ ಬರೆದೆ, ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಉಳಿಸಿದೆ.' ಈಗ ನಿಮ್ಮ ಕೆಲಸ ಕಾಣುತ್ತದೆ, ಹುಡುಕುವ ಪದಗಳೂ ಬಂದವು. ಇನ್ನೂ ಒಂದು ಹೆಜ್ಜೆ: 'ದಿನಾಂಕ ಮತ್ತು ಮಾರುಕಟ್ಟೆಯ ಮೇಲೆ ಇಂಡೆಕ್ಸ್ ಹಾಕಿ, ಹಳೆಯ ದರ ಹುಡುಕುವ ಕ್ವೆರಿಯನ್ನು 2.4 ಸೆಕೆಂಡ್‌ನಿಂದ 180 ಮಿಲಿಸೆಕೆಂಡ್‌ಗೆ ಇಳಿಸಿದೆ. ವೆಬ್‌ಸೈಟ್ ಸಿಗದ ದಿನ ಮತ್ತೆ ಪ್ರಯತ್ನಿಸುವ ಹಾಗೆ ಮಾಡಿ, ಪೈಟೆಸ್ಟ್‌ನಲ್ಲಿ ಟೆಸ್ಟ್ ಬರೆದೆ.' ಇಲ್ಲಿನ ಅಂಕಿ ಉದಾಹರಣೆಗೆ ಹಾಕಿದ್ದು. ನಿಮ್ಮದನ್ನು ನೀವೇ ಅಳೆಯಬೇಕು, ಅದು ಕಷ್ಟವೂ ಅಲ್ಲ. ಕ್ವೆರಿ ಮುಂದೆ ಎಕ್ಸ್‌ಪ್ಲೇನ್ ಅನಲೈಸ್ ಹಾಕಿದರೆ ಸಮಯ ಸಿಗುತ್ತದೆ.

'ಶೇಕಡಾ 40ರಷ್ಟು ಉತ್ತಮಗೊಳಿಸಿದೆ' ಅನ್ನುವ ಸಾಲು ಈಗ ಪ್ರತಿ ರೆಸ್ಯೂಮ್‌ನಲ್ಲೂ ಇದೆ. ಏನನ್ನು? ಎಷ್ಟರಿಂದ ಎಷ್ಟಕ್ಕೆ? ಅಳೆದಿಲ್ಲ ಅಂದರೆ ಅಂಕಿ ಬೇಡ. ಅಂಕಿ ಇಲ್ಲದ ಒಳ್ಳೆ ಸಾಲು ಇರಬಹುದು, ಆದರೆ ಕಟ್ಟಿದ ಅಂಕಿ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಬಿದ್ದುಹೋಗುತ್ತದೆ.

ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಅಂತ ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್‌ಗಳ ಬಗ್ಗೆ ನಾನು ಹೇಳುವುದು ಕಡಿಮೆ. ಸಣ್ಣದಾದರೂ ನೀವೇ ಬರೆದದ್ದನ್ನು ಹಾಕಿ. ಗಿಟ್‌ಹಬ್ ಲಿಂಕನ್ನು 'ಇಲ್ಲಿ ಕ್ಲಿಕ್ ಮಾಡಿ' ಅನ್ನುವ ಪದದ ಹಿಂದೆ ಬಚ್ಚಿಡದೆ ಪೂರ್ತಿ ವಿಳಾಸವಾಗಿ ಬರೆಯಿರಿ, ಪಠ್ಯವಾದಾಗ ಹಿಂದಿನ ಲಿಂಕ್ ಕಳೆದುಹೋಗಬಹುದು. ಅಲ್ಲಿ ರೀಡ್‌ಮಿ (ಪ್ರಾಜೆಕ್ಟ್ ಏನು ಅಂತ ವಿವರಿಸುವ ಫೈಲ್) ಇರಲಿ, ಪಾಸ್‌ವರ್ಡ್ ಫೈಲ್ ಇರದಿರಲಿ.

ಅನುಭವಸ್ಥರಿಗೂ ಇದೇ ನಿಯಮ. 'ಕ್ಲೈಂಟ್ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡಿದೆ, ಬಗ್ ಸರಿಪಡಿಸಿದೆ' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಕ್ಲೈಂಟ್ ಹೆಸರು ಹೇಳುವ ಹಾಗಿಲ್ಲದಿದ್ದರೆ 'ಒಂದು ವಿಮಾ ಕಂಪನಿಗೆ' ಅಂತ ಬರೆಯಿರಿ. ಸಪೋರ್ಟ್ ಪ್ರಾಜೆಕ್ಟ್‌ನಲ್ಲಿದ್ದೀರಾ? ರಾತ್ರಿ ಬಂದ ಯಾವ ಥರದ ತೊಂದರೆಯನ್ನು ಹೇಗೆ ಹುಡುಕಿದಿರಿ, ಮತ್ತೆ ಬರದ ಹಾಗೆ ಏನು ಮಾಡಿದಿರಿ ಅಂತ ಬರೆದರೆ ಅದು ಎಷ್ಟೋ ಡೆವಲಪ್‌ಮೆಂಟ್ ಸಾಲುಗಳಿಗಿಂತ ತೂಕವಾಗಿರುತ್ತದೆ.

ಎಂಟನೇ ಹಂತ: ಸುಳ್ಳು ಅನುಭವ ಬೇಡ

ಎರಡು ವರ್ಷದ ಅನುಭವ ಪತ್ರ ಮಾಡಿಕೊಡುತ್ತೇವೆ ಅನ್ನುವವರು ನಿಮಗೂ ಸಿಕ್ಕಿರಬಹುದು. ಎಟಿಎಸ್ ಇದನ್ನು ಹಿಡಿಯುವುದಿಲ್ಲ, ನಿಜ. ಹಿಡಿಯುವುದು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ಪಿಎಫ್ ಖಾತೆಯ ಯುಎಎನ್ ನಂಬರ್ ಹಿಡಿದು ಯಾವ ಕಂಪನಿಯಲ್ಲಿ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಇದ್ದಿರಿ ಅಂತ ನೋಡುತ್ತಾರೆ. ಸೇರಿದ ಮೇಲೆ ಗೊತ್ತಾದರೂ ಮನೆಗೆ ಕಳಿಸುತ್ತಾರೆ.

ಬೇರೆ ಕಂಪನಿಯ ಪೇರೋಲ್‌ನಲ್ಲಿದ್ದು ದೊಡ್ಡ ಕಂಪನಿಯಲ್ಲಿ ಕೂತು ಕೆಲಸ ಮಾಡಿದವರು ಪೇರೋಲ್ ಕಂಪನಿಯನ್ನೇ ಮುಂದೆ ಬರೆದು, ಕ್ಲೈಂಟ್ ಇಂಥವರು ಅಂತ ಪಕ್ಕಕ್ಕೆ ಹಾಕಿ. ಗ್ಯಾಪ್ ಇದ್ದರೆ ಮುಚ್ಚಬೇಡಿ. 'ಮನೆಯ ಕಾರಣಕ್ಕೆ ವಿರಾಮ' ಅಂತ ಒಂದು ಸಾಲು, ಆ ಸಮಯದಲ್ಲಿ ಏನಾದರೂ ಕಲಿತಿದ್ದರೆ ಅದೂ ಒಂದು ಸಾಲು.

ಒಂಬತ್ತನೇ ಹಂತ: ನೌಕ್ರಿ, ಲಿಂಕ್ಡ್‌ಇನ್

ಕೆಲಸ ಹುಡುಕುವ ವೆಬ್‌ಸೈಟ್ ನೌಕ್ರಿಯಲ್ಲಿ ರೆಸ್ಯೂಮ್ ಅಪ್‌ಲೋಡ್ ಮಾಡಿ ಬಿಟ್ಟರೆ ಅರ್ಧ ಕೆಲಸ. ರಿಕ್ರೂಟರ್‌ಗಳು ಅಲ್ಲಿ ಫಿಲ್ಟರ್ ಹಾಕುವುದು ನೀವು ತುಂಬಿದ ಜಾಗಗಳ ಮೇಲೆ: ಕೀ ಸ್ಕಿಲ್ಸ್, ಒಟ್ಟು ಅನುಭವ, ಈಗಿನ ಊರು, ಬೇಕಾದ ಊರು, ನೋಟಿಸ್ ಪೀರಿಯಡ್. ಬೇಕಾದ ಊರುಗಳಲ್ಲಿ ಬೆಂಗಳೂರು ಇರಲೇಬೇಕು. ಇತ್ತೀಚೆಗೆ ಯಾರು ಸಕ್ರಿಯರಾಗಿದ್ದಾರೆ ಅಂತಲೂ ಫಿಲ್ಟರ್ ಇದೆ, ಹಾಗಾಗಿ ಕೆಲಸ ಹುಡುಕುವ ದಿನಗಳಲ್ಲಿ ಆಗಾಗ ಒಳಹೋಗಿ ಪ್ರೊಫೈಲ್ ನೋಡುತ್ತಿರಿ. ಲಿಂಕ್ಡ್‌ಇನ್‌ನಲ್ಲಿರುವ ತಾರೀಕು, ಹುದ್ದೆ ರೆಸ್ಯೂಮ್ ಜೊತೆ ಹೊಂದಬೇಕು. ಎರಡರಲ್ಲಿ ಎರಡು ಥರ ಇದ್ದರೆ ಅನುಮಾನ ಬರುತ್ತದೆ.

ಟಿಸಿಎಸ್, ಇನ್ಫೋಸಿಸ್ ಥರದ ಕಂಪನಿಗಳು ಫ್ರೆಶರ್‌ಗಳನ್ನು ಸಾವಿರಗಟ್ಟಲೆ ತೆಗೆದುಕೊಳ್ಳುವಾಗ ಮೊದಲು ನೋಡುವುದು ಅರ್ಹತೆಯ ಫಾರ್ಮ್ ಮತ್ತು ಟೆಸ್ಟ್. ಅಲ್ಲಿ ರೆಸ್ಯೂಮ್‌ಗೆ ಬೆಲೆ ಬರುವುದು ಇಂಟರ್‌ವ್ಯೂ ಹೊತ್ತಿಗೆ. ಅಂಥ ಕಡೆ ವಾರಗಟ್ಟಲೆ ಕೀವರ್ಡ್ ತಿದ್ದುತ್ತ ಕೂರುವ ಬದಲು ಆಪ್ಟಿಟ್ಯೂಡ್ ಮತ್ತು ಕೋಡಿಂಗ್ ಅಭ್ಯಾಸ ಮಾಡಿ. ತಮ್ಮದೇ ಸಾಫ್ಟ್‌ವೇರ್ ಮಾಡುವ ಸಣ್ಣ ಪ್ರಾಡಕ್ಟ್ ಕಂಪನಿಗಳಲ್ಲಿ ಇದು ತಿರುಗುಮುರುಗು.

ಹತ್ತನೇ ಹಂತ: ಸ್ಕೋರ್ ಮತ್ತು ಎಐ

ಸ್ಕೋರ್ ಕೊಡುವ ವೆಬ್‌ಸೈಟ್‌ಗಳಿಗೆ ತಲೆಕೆಡಿಸಿಕೊಳ್ಳಬೇಡಿ. ಎಲ್ಲ ಕಂಪನಿಗಳೂ ಒಪ್ಪುವ ಒಂದು ಎಟಿಎಸ್ ಸ್ಕೋರ್ ಅಂತ ಇಲ್ಲವೇ ಇಲ್ಲ. ಒಂದು ಸೈಟ್‌ನಲ್ಲಿ 92 ಬಂದದ್ದು ಇನ್ನೊಂದರಲ್ಲಿ 58 ಬರಬಹುದು, ನೀವು ಅಪ್ಲೈ ಮಾಡುವ ಕಂಪನಿಗೆ ಎರಡೂ ಗೊತ್ತಿಲ್ಲ. ಜೆಡಿಯ ಯಾವ ಪದ ಬಿಟ್ಟುಹೋಗಿದೆ ಅಂತ ತೋರಿಸಿದರೆ ಅಷ್ಟನ್ನು ತೆಗೆದುಕೊಳ್ಳಿ. ಉಚಿತವಾಗಿ ಸಿಕ್ಕರೆ ಮಾತ್ರ.

ಚಾಟ್‌ಜಿಪಿಟಿ ಥರದವನ್ನು ಇಂಗ್ಲಿಷ್ ತಿದ್ದಿಸಲು ಬಳಸಿ, ಅದರಲ್ಲಿ ತಪ್ಪೇನಿಲ್ಲ. ಕನ್ನಡದಲ್ಲೇ 'ನಾನು ಇದನ್ನು ಹೀಗೆ ಮಾಡಿದೆ' ಅಂತ ವಿವರವಾಗಿ ಹೇಳಿ, ಒಂದು ಸಾಲು ಇಂಗ್ಲಿಷ್ ಮಾಡಿಕೊಡು ಅನ್ನಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ದೊಡ್ಡ ಅನುಕೂಲ. ಆದರೆ 'ನನಗೊಂದು ರೆಸ್ಯೂಮ್ ಬರೆದುಕೊಡು' ಅಂದರೆ ಅದು ನೀವು ಮಾಡದ ಕೆಲಸವನ್ನೂ ಸೇರಿಸುತ್ತದೆ, ಪಕ್ಕದವನಿಗೆ ಬರೆದುಕೊಟ್ಟ ಸಾಲನ್ನೇ ನಿಮಗೂ ಕೊಡುತ್ತದೆ. ಒಂದೇ ಕ್ಲಾಸಿನ ಹತ್ತು ಜನ ಒಂದೇ ಕಡೆ ಅಪ್ಲೈ ಮಾಡಿದಾಗ ಅದು ಎದ್ದು ಕಾಣುತ್ತದೆ.

ಕಳಿಸುವ ಮುಂಚೆ ಮತ್ತು ಆಮೇಲೆ

ಫೈಲ್ ಹೆಸರು 'ರೆಸ್ಯೂಮ್ ಫೈನಲ್ ನ್ಯೂ 2' ಬೇಡ, ನಿಮ್ಮ ಹೆಸರು ಮತ್ತು ಹುದ್ದೆ ಇರಲಿ. ಪಾರ್ಸ್ ಆಗಿ ತುಂಬಿದ ಫಾರ್ಮನ್ನು ಒಮ್ಮೆ ಪೂರ್ತಿ ಓದಿ. ಯಂತ್ರ ನಿಮ್ಮನ್ನು ಹೇಗೆ ಅರ್ಥ ಮಾಡಿಕೊಂಡಿದೆ ಅಂತ ಅದು ಅಲ್ಲೇ ತೋರಿಸುತ್ತಿರುತ್ತದೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎರಡು ಬೇರೆ ಕಂಪನಿಗಳ ಫಾರ್ಮ್‌ನಲ್ಲೂ ಒಂದೇ ಜಾಗ ತಪ್ಪಾಗಿ ತುಂಬಿಕೊಂಡರೆ ರೆಸ್ಯೂಮ್‌ನಲ್ಲೇ ಆ ಭಾಗ ತಿದ್ದಿ.

ಆ ಕಂಪನಿಯಲ್ಲಿ ನಿಮ್ಮ ಕಾಲೇಜಿನ ಸೀನಿಯರ್ ಯಾರಾದರೂ ಇದ್ದರೆ ಅಪ್ಲೈ ಮಾಡುವ ಮೊದಲೇ ರೆಫರಲ್, ಅಂದರೆ ಒಳಗಿನವರ ಶಿಫಾರಸು ಕೇಳಿ. ನೀವೇ ಅಪ್ಲೈ ಮಾಡಿಬಿಟ್ಟ ಮೇಲೆ ಅದೇ ಹುದ್ದೆಗೆ ರೆಫರ್ ಮಾಡಲು ಎಷ್ಟೋ ಕಡೆ ಸಿಸ್ಟಮ್ ಬಿಡುವುದಿಲ್ಲ. ಕೇಳುವಾಗ 'ಹಾಯ್ ಅಣ್ಣ, ಕೆಲಸ ಇದ್ದರೆ ಹೇಳಿ' ಅಂತ ಮೆಸೇಜ್ ಹಾಕಬೇಡಿ. ಜಾಬ್ ಐಡಿ, ರೆಸ್ಯೂಮ್, ಆ ಕೆಲಸಕ್ಕೆ ನೀವು ಯಾಕೆ ಹೊಂದುತ್ತೀರಿ ಅಂತ ಎರಡು ಸಾಲು ಒಟ್ಟಿಗೇ ಕಳಿಸಿ. ಅವರಿಗೂ ಆಫೀಸ್ ಕೆಲಸ ಇರುತ್ತದೆ.

ಯಾವ ಕಂಪನಿಗೆ ಯಾವ ರೆಸ್ಯೂಮ್ ಕಳಿಸಿದಿರಿ ಅಂತ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ, ಜೆಡಿಯನ್ನೂ ಪಿಡಿಎಫ್ ಮಾಡಿ ಅದರ ಜೊತೆಗೇ ಇಡಿ. ಫೋನ್ ಬರುವುದು ವಾರಗಳ ನಂತರ, ಅಷ್ಟು ಹೊತ್ತಿಗೆ ಜಾಬ್ ಪೇಜ್ ತೆಗೆದುಬಿಟ್ಟಿರುತ್ತಾರೆ. ಮೇಲ್‌ನ ಸ್ಪ್ಯಾಮ್ ಫೋಲ್ಡರನ್ನೂ ದಿನಾ ಒಮ್ಮೆ ತೆರೆದು ನೋಡಿ, ಆನ್‌ಲೈನ್ ಟೆಸ್ಟ್‌ನ ಲಿಂಕ್‌ಗಳು ಅಲ್ಲಿ ಹೋಗಿ ಕೂರುವುದುಂಟು, ಅವಕ್ಕೆ ಗಡುವು ಇರುತ್ತದೆ. ರಿಜಿಸ್ಟ್ರೇಶನ್‌ಗೆ, ಲ್ಯಾಪ್‌ಟಾಪ್ ಡೆಪಾಸಿಟ್‌ಗೆ ಅಂತ ದುಡ್ಡು ಕೇಳುವ ಮೇಲ್ ಬಂದರೆ ಮಾತ್ರ ಅದನ್ನು ಸ್ಪ್ಯಾಮ್‌ನಲ್ಲೇ ಬಿಡಿ.